ಪರಕಥೆಯ ಕವಿಯೂ ಕೇಳುಗನ ಮಾತೂ

ಹೊಸ ಕಥೆಯನ್ನು ತಾನೇ ಹುಟ್ಟಿಸಿ ಹೇಳುವವನು ಒಂದು ಬಗೆಯ ದಾನಿಯು. ಕೇಳುವವನ ಕೈ ಬರಿದಾಗಿರುತ್ತದೆ. ಕೊಟ್ಟದ್ದನ್ನು ಅವನು ತೆಗೆದುಕೊಳ್ಳುತ್ತಾನೆ, ರುಚಿಸಿದರೆ ಮೆಚ್ಚುತ್ತಾನೆ, ರುಚಿಸದಿದ್ದರೆ ಎದ್ದುಹೋಗುತ್ತಾನೆ. ಆದರೆ ಹಿಂದೊಬ್ಬನು ಹೇಳಿದ ಕಥೆಯನ್ನು ಎತ್ತಿಕೊಂಡು ಮತ್ತೆ ಹೇಳುವವನ ಸ್ಥಿತಿಯು ಹೀಗಿಲ್ಲ. ಅವನ ಮುಂದೆ ಕುಳಿತವನು ಆ ಕಥೆಯ ಮನೆಯನ್ನು ಮೊದಲೇ ಕಂಡವನು. ಯಾವ ಬಾಗಿಲು ಎಲ್ಲಿಗೆ ತೆರೆಯುವದು, ಯಾವ ಕೋಣೆಯಲ್ಲಿ ಯಾರು ಅತ್ತರು, ಎಂಬುದನ್ನೆಲ್ಲ ಬಲ್ಲವನು. ಆ ಮನೆಯ ಒಂದು ಕಂಬವನ್ನು ಸರಿಸಿದರೂ ಅವನು ‘ಯಾಕೆ’ ಎಂದು ಕೇಳದೆ ಬಿಡಲಾರನು. ಹೀಗಿರಲು, ಪರಕಥೆಯನ್ನು ಹೇಳುವ ಕವಿಯು ಕೇಳುಗನ ಮಾತನ್ನು ಹೇಗೆ ಬಗೆಯಬೇಕು? ಅದನ್ನು ಬಯಸುವದು ದೌರ್ಬಲ್ಯವೋ, ಬಯಸದಿರುವದು ಅಹಂಕಾರವೋ? ಇದು ಕಾವ್ಯಶಾಸ್ತ್ರಕ್ಕೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲ, ಧರ್ಮವಿಚಾರಕ್ಕೂ ಸಂಬಂಧಿಸಿದ್ದು.

ಇಂದಿನ ತರುಣ ತರುಣಿಯರು ತಮ್ಮ ಮೆಚ್ಚಿನ ಕಾದಂಬರಿಯ ಅಥವಾ ಚಲಚ್ಚಿತ್ರದ ಪಾತ್ರಗಳನ್ನು ಎತ್ತಿಕೊಂಡು, ಮೂಲದವನು ನಿಲ್ಲಿಸಿದ ಕಡೆಯಿಂದ ಕಥೆಯನ್ನು ಮುಂದೆ ನಡೆಸುತ್ತಾರೆ. ಇಂಗ್ಲಿಷಿನಲ್ಲಿ ಇದಕ್ಕೆ ಫ್ಯಾನ್ ಫಿಕ್ಷನ್ ಎಂದು ಹೆಸರು. ಅಭಿಮಾನಿಗಳ ಕಥೆ ಎಂದರೆ ಸರಿಹೋಗುವದು. ಇದರಿಂದ ಅವರಿಗೆ ಬಹುಮಟ್ಟಿಗೆ ದ್ರವ್ಯಲಾಭವಿಲ್ಲ. ಓದಿದವರ ನಾಲ್ಕು ಮಾತೇ ಅವರ ಕೂಲಿ. ಒಬ್ಬ ಓದುಗನು ಮೆಚ್ಚಿ ಬರೆದರೆ ಅವರಿಗೆ ಊಟ ಸೇರದಷ್ಟು ಹರ್ಷ. ಒಬ್ಬನು ‘ಈ ಪಾತ್ರವು ಹೀಗೆ ಮಾಡುವವಳಲ್ಲ’ ಎಂದರೆ ನಿದ್ರೆ ಬಾರದಷ್ಟು ದುಃಖ. ಯಾರೂ ಏನನ್ನೂ ಅನ್ನದಿದ್ದರೆ ಎಲ್ಲಕ್ಕಿಂತ ಹೆಚ್ಚಿನ ಕಳವಳ. ಇದನ್ನು ಕಂಡು ಹಿರಿಯರು ಹುಡುಗಾಟವೆಂದು ನಗುವದುಂಟು. ನಗುವ ಮೊದಲು ಅವರು ವಿಜಯಪುರ ಜಿಲ್ಲೆಯ ಹಳೆಯ ಕವಿಗಳ ಹೆಸರುಗಳನ್ನು ಒಮ್ಮೆ ನೆನೆಯುವದು ಒಳ್ಳೆಯದು.

ವಿಜಯಪುರದಲ್ಲಿ ಮಲ್ಲಿನಾಥ ಜಿನಾಲಯವನ್ನು ಕಟ್ಟಿಸಿ, ಮಲ್ಲಿನಾಥಪುರಾಣವನ್ನೂ ರಾಮಚಂದ್ರಚರಿತಪುರಾಣವನ್ನೂ ರಚಿಸಿದ ನಾಗಚಂದ್ರನು ತನ್ನನ್ನು ಅಭಿನವಪಂಪನೆಂದು ಕರೆದುಕೊಂಡನು. ಆ ವಿಜಯಪುರವು ಈ ನಗರವೇ ಎಂದು ವಿದ್ವಾಂಸರು ಎಣಿಸುತ್ತಾರೆ. ಕಾಲವು ಸುಮಾರು 1100. ನಗರದಿಂದ ತಿಕೋಟೆಯ ಹಾದಿ ಹಿಡಿದು ಪಶ್ಚಿಮಕ್ಕೆ ಕೆಲವು ಮೈಲಿ ನಡೆದರೆ ತೊರವೆ. ಅಲ್ಲಿಯ ನರಸಿಂಹನ ಭಕ್ತನಾದ ನರಹರಿಯು ಸುಮಾರು 1500ರಲ್ಲಿ ಭಾಮಿನೀ ಷಟ್ಪದಿಯಲ್ಲಿ ರಾಮಾಯಣವನ್ನು ಹಾಡಿ, ತನ್ನನ್ನು ಕುಮಾರವಾಲ್ಮೀಕಿಯೆಂದು ಕರೆದುಕೊಂಡನು. ಬಬಲೇಶ್ವರದ ಕಡೆಗೆ ಹೊರಳಿದರೆ ಕಾಖಂಡಕಿ. ಆದಿಲಶಾಹಿಯ ಅಧಿಕಾರವನ್ನು ತೊರೆದು, ಸಾರವಾಡದ ಭಾಸ್ಕರಸ್ವಾಮಿಗಳಿಂದ ಉಪದೇಶ ಪಡೆದು, ಅಲ್ಲಿ ನೆಲೆಸಿದ ಮಹಿಪತಿದಾಸರ ಊರದು. ಅವರ ಮಗನಾದ ಕೃಷ್ಣದಾಸರು ತಮ್ಮ ಕೀರ್ತನೆಗಳಿಗೆ ‘ಗುರುಮಹಿಪತಿ’ ಎಂಬ ಅಂಕಿತವನ್ನಿಟ್ಟರು. ಒಬ್ಬನು ಹೊಸ ಪಂಪ, ಒಬ್ಬನು ವಾಲ್ಮೀಕಿಯ ಮಗ, ಒಬ್ಬರು ತಂದೆಯ ಹೆಸರಿನ ಹಿಂದೆಯೇ ನಿಂತವರು. ಮೂವರೂ ತಮ್ಮ ಹೆಸರಿನಲ್ಲಿಯೇ ‘ತಾವು ಹಿಂದಿನವರ ಅಭಿಮಾನಿಗಳು’ ಎಂದು ಸಾರಿಕೊಂಡವರು.

ಇಂಥ ಹೆಸರು ವಿನಯವೂ ಅಹುದು, ಗುರಾಣಿಯೂ ಅಹುದು. ‘ಕಥೆ ನನ್ನದಲ್ಲ, ವಾಲ್ಮೀಕಿಯದು, ಒಳ್ಳೆಯದಿದ್ದರೆ ತಂದೆಗೆ ಸಲ್ಲಲಿ, ಕೆಟ್ಟದ್ದಿದ್ದರೆ ಮಗನನ್ನು ಕ್ಷಮಿಸಿರಿ’ ಎಂಬ ಭಾವವು ಅದರಲ್ಲಿ ಅಡಗಿದೆ. ಆದರೆ ಅದೇ ಹೆಸರು ಮತ್ತೊಂದನ್ನೂ ಹೇಳುತ್ತದೆ: ಮಗನೆಂದ ಮೇಲೆ ತಂದೆಯ ಆಸ್ತಿಯಲ್ಲಿ ಹಕ್ಕು ಬಂತು. ಹೊಸ ಪಂಪನೆಂದ ಮೇಲೆ ಹಳೆಯ ಪಂಪನೊಡನೆ ತೂಗಿ ನೋಡಿರೆಂದು ಕೇಳುಗನಿಗೆ ತಕ್ಕಡಿಯನ್ನೇ ಕೈಗಿತ್ತಂತಾಯಿತು. ತೂಗಿಸಿಕೊಳ್ಳಲು ಮನಸ್ಸಿಲ್ಲದವನು ಆ ಹೆಸರನ್ನು ಇಟ್ಟುಕೊಳ್ಳಲಾರನು.

ತೂಗಿಸಿಕೊಳ್ಳಬೇಕೆಂಬ ಆಸೆಯು ನಾಗಚಂದ್ರನಲ್ಲಿ ಎಷ್ಟು ಬಲವಾಗಿತ್ತೆಂದು ತೋರಿಸುವ ಐತಿಹ್ಯವೊಂದು ಕನ್ನಡದಲ್ಲಿ ಬಹು ಪ್ರಸಿದ್ಧವಾಗಿದೆ. ದೋರಸಮುದ್ರದ ಆಸ್ಥಾನದಲ್ಲಿ ಕಂತಿಯೆಂಬ ಕವಯಿತ್ರಿಯಿದ್ದಳಂತೆ. ಅವನು ಅರ್ಧ ಪದ್ಯವನ್ನು ಒಡ್ಡಿದರೆ ಅವಳು ಉಳಿದರ್ಧವನ್ನು ತುಂಬುವಳು. ಎಂಥ ಸಮಸ್ಯೆಯನ್ನು ಕೊಟ್ಟರೂ ಸೋಲುವವಳಲ್ಲ. ಆಸ್ಥಾನವೆಲ್ಲ ಅಭಿನವಪಂಪನನ್ನು ಹೊಗಳುತ್ತಿದ್ದರೂ ಅವಳ ಬಾಯಿಂದ ಮಾತ್ರ ಒಂದು ಮೆಚ್ಚಿಕೆಯ ಮಾತು ಬರಲಿಲ್ಲ. ಕೊನೆಗೆ ಅವನು ಸತ್ತವನಂತೆ ಮಲಗಿ, ಸತ್ತನೆಂಬ ಸುದ್ದಿಯನ್ನು ಹಬ್ಬಿಸಿದನು. ಕಂತಿಯು ಓಡಿಬಂದು, ಶವವೆಂದೆಣಿಸಿದ ಆ ದೇಹದ ಮುಂದೆ ಕುಳಿತು, ಅವನ ಕವಿತ್ವವನ್ನು ಮನಸಾರೆ ಕೊಂಡಾಡಿ ಅತ್ತಳು. ಆಗ ಅವನು ಥಟ್ಟನೆ ಎದ್ದು, ಇಂದು ನೀನು ನನ್ನನ್ನು ಹೊಗಳಿದೆ, ನಾನು ಗೆದ್ದೆ, ಎಂದನಂತೆ.

ಈ ಕಥೆಯನ್ನು ಜನರು ವಿನೋದಕ್ಕಾಗಿ ಹೇಳುತ್ತಾರೆ. ಕಂತಿಯೆಂಬವಳು ನಿಜವಾಗಿ ಇದ್ದಳೋ ಇಲ್ಲವೋ ಎಂಬ ವಾದವೂ ಉಂಟು. ಅವಳು ಇದ್ದಿರಲಿ, ಇಲ್ಲದಿರಲಿ. ಈ ಕಥೆಯನ್ನು ಕಟ್ಟಿದವನು ಕವಿಹೃದಯವನ್ನು ಚೆನ್ನಾಗಿ ಬಲ್ಲವನು. ಇಲ್ಲಿ ಮೂರು ಸಂಗತಿಗಳು ವಿಚಾರಾರ್ಹವಾಗಿವೆ. ರಾಜಸಭೆಯ ಹೊಗಳಿಕೆಯೆಲ್ಲ ಸೇರಿ ತುಂಬಲಾರದ ಕೊರತೆಯನ್ನು ಒಬ್ಬ ಬಲ್ಲವಳ ಮಾತು ತುಂಬಬಹುದಾಗಿತ್ತು; ಹೊಗಳಿಕೆಯ ಬೆಲೆಯು ಹೊಗಳುವವರ ಸಂಖ್ಯೆಯಿಂದ ಬರುವದಲ್ಲವೆಂದು ಅವನಿಗೆ ಗೊತ್ತಿತ್ತು. ಎರಡನೆಯದಾಗಿ, ಶವದ ಮುಂದೆ ಆಡಿದ ಮಾತು ಸ್ಪರ್ಧೆಯಿಲ್ಲದ ಮಾತು. ಬದುಕಿರುವವನನ್ನು ಹೊಗಳಿದರೆ ತಾನು ಸೋತಂತೆ ಎಂಬ ಬಿಗುವು ಕಂತಿಯಲ್ಲಿತ್ತು; ಅವನು ಸತ್ತೊಡನೆ ಆ ಬಿಗುವು ಕಳಚಿಬಿತ್ತು. ಅಂದರೆ ಮೆಚ್ಚಿಕೆಯು ಅವಳಲ್ಲಿ ಮೊದಲಿನಿಂದಲೂ ಇತ್ತು, ಆಡಲಿಲ್ಲ, ಅಷ್ಟೆ.

ಮೂರನೆಯ ಸಂಗತಿಯು ಎಲ್ಲಕ್ಕಿಂತ ಕಠಿಣವಾದದ್ದು. ಅವನು ಎದ್ದುನಿಂತ ಕ್ಷಣದಲ್ಲಿ ಆ ಹೊಗಳಿಕೆಗೆ ಏನಾಯಿತು? ಸತ್ತವನಿಗೆ ಕೊಟ್ಟದ್ದನ್ನು ಬದುಕಿದವನು ಕದ್ದನೆಂದು ಹೇಳದೆ ಗತಿಯಿಲ್ಲ. ಮಾತು ನಿಜವಾದದ್ದೇ, ಅಳು ನಿಜವಾದದ್ದೇ. ಆದರೂ ಪಡೆದ ರೀತಿಯಿಂದ ಪಡೆದ ವಸ್ತುವು ಕೆಟ್ಟಿತು. ಹಾಗೆಂದು ತಪ್ಪೆಲ್ಲ ಅವನ ಮೇಲೆಯೇ ಬೀಳುವದೂ ನ್ಯಾಯವಲ್ಲ. ಒಳಗೆ ಮೆಚ್ಚಿ ಹೊರಗೆ ಮೌನದಿಂದಿರುವವಳು ಒಂದು ಋಣವನ್ನು ಉಳಿಸಿಕೊಂಡಳು. ಊಟ ಮಾಡಿದವನು ಅಡುಗೆಯನ್ನು ಹೊಗಳಲೇಬೇಕೆಂಬ ಕಟ್ಟಳೆಯಿಲ್ಲ. ಆದರೆ ಉಪ್ಪು ಹೆಚ್ಚಾಯಿತೆಂದಾದರೂ ಹೇಳದೆ ಕೈ ತೊಳೆದು ಹೋದರೆ ಬಡಿಸಿದವಳಿಗೆ ಏನೆನಿಸಬೇಕು? ಕವಿಗೆ ಹೊಗಳಿಕೆ ಸಲ್ಲಬೇಕಾದ್ದೇನೂ ಅಲ್ಲ, ಮಾತು ಸಲ್ಲಬೇಕಾದ್ದು.

ನಾಗಚಂದ್ರನಿಗೆ ಸಲ್ಲಬೇಕಾಗಿದ್ದ ಮಾತುಗಳಲ್ಲಿ ಒಂದು ಬಹಳ ತಡವಾಗಿ ಬಂತು. ಅವನು ವಿಮಲಸೂರಿಯ ಜೈನರಾಮಾಯಣದ ಜಾಡು ಹಿಡಿದು ಕಥೆ ಹೇಳಿದವನು. ಅದರಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣನು. ನಾಗಚಂದ್ರನ ರಾವಣನು ಸೀತೆಯ ದೃಢವಾದ ಶೀಲವನ್ನು ಕಂಡು ಮನಸ್ಸು ತಿರುಗಿ ಪಶ್ಚಾತ್ತಾಪಪಡುತ್ತಾನೆ. ಆದರೂ ರಾಮಲಕ್ಷ್ಮಣರನ್ನು ಯುದ್ಧದಲ್ಲಿ ಗೆದ್ದ ಮೇಲೆಯೇ ಅವಳನ್ನು ಒಪ್ಪಿಸಬೇಕು, ಇಲ್ಲದಿದ್ದರೆ ತನ್ನ ಶೌರ್ಯಕ್ಕೆ ಕುಂದು, ಎಂದೆಣಿಸಿ ನಾಶವಾಗುತ್ತಾನೆ. ಈ ಪಾತ್ರವು ದುರಂತನಾಯಕನ ಪಾತ್ರವೆಂದು ಬಿ.ಎಂ. ಶ್ರೀಕಂಠಯ್ಯನವರು ವಿವೇಚಿಸಿ ತೋರಿಸಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಕವಿ ಹೋಗಿ ಎಂಟು ಶತಮಾನಗಳಾಗಿದ್ದವು. ಭವಭೂತಿಯು ಮಾಲತೀಮಾಧವದ ಪ್ರಸ್ತಾವನೆಯಲ್ಲಿ, ತನ್ನ ಸಮಾನಧರ್ಮದವನು ಎಂದಾದರೊಮ್ಮೆ ಹುಟ್ಟಿಯಾನು, ಕಾಲಕ್ಕೆ ಕೊನೆಯಿಲ್ಲ, ಭೂಮಿಯು ವಿಶಾಲವಾಗಿದೆ, ಎಂದು ಸಮಾಧಾನ ತಂದುಕೊಂಡದ್ದು ಸಂಸ್ಕೃತಜ್ಞರಿಗೆ ಗೊತ್ತಿದ್ದ ಮಾತೇ. ಅದರಲ್ಲಿ ಧೈರ್ಯವಿದೆ, ತುಸು ಸಿಟ್ಟೂ ಇದೆ. ಮುಂದೆ ಹುಟ್ಟುವವನನ್ನು ನೆನೆಯುವ ಕವಿಯು ಎದುರಿಗೆ ಕುಳಿತವರ ಮಾತಿನಿಂದ ನೊಂದಿರಲೇಬೇಕು.

ತುಲಸೀದಾಸನು ರಾಮಚರಿತಮಾನಸದ ಆರಂಭದಲ್ಲಿ ತನ್ನ ಅಂತರಂಗದ ಸುಖಕ್ಕಾಗಿಯೇ ಈ ಕಥೆಯನ್ನು ಹೇಳುವೆನೆಂದಿದ್ದಾನೆ. ಈ ಮಾತನ್ನು ಎತ್ತಿಕೊಂಡು, ನಿಜವಾದ ಕವಿಗೆ ಕೇಳುಗನ ಮಾತು ಬೇಕಿಲ್ಲವೆಂದು ಕೆಲವರು ವಾದಿಸುತ್ತಾರೆ. ಆದರೆ ಸ್ವಂತ ಸುಖವೊಂದೇ ಸಾಕಾಗಿದ್ದರೆ ಸಂಸ್ಕೃತಬಲ್ಲ ಆ ಪುರುಷನು ವಾಲ್ಮೀಕಿಯನ್ನು ಓದಿಕೊಂಡು ಸುಮ್ಮನಿರಬಹುದಾಗಿತ್ತು. ಊರವರ ಭಾಷೆಗೆ ಇಳಿದು ಬಂದದ್ದೇ ಊರವರಿಗೆ ಕಿವಿಗೊಟ್ಟದ್ದಕ್ಕೆ ಸಾಕ್ಷಿ. ‘ನನಗಾಗಿ ಬರೆಯುತ್ತೇನೆ’ ಎಂಬ ಮಾತನ್ನು ಕವಿಗಳು ಸಾಮಾನ್ಯವಾಗಿ ಪೆಟ್ಟು ತಿಂದ ಮೇಲೆ ಆಡುತ್ತಾರೆ. ಅದು ಔಷಧವೇ ಹೊರತು ಆಹಾರವಲ್ಲ.

ಕೇಳುಗನ ಮಾತು ಕವಿಯ ಸುಖಕ್ಕೆ ಮಾತ್ರ ಬೇಕಾದದ್ದಲ್ಲ, ಕಾವ್ಯದ ಶುದ್ಧಿಗೂ ಬೇಕಾದದ್ದೆಂದು ಕನ್ನಡದ ಮೊದಲ ಲಕ್ಷಣಗ್ರಂಥವೇ ಹೇಳಿದೆ. ಸುಮಾರು 850ರ ಕವಿರಾಜಮಾರ್ಗವು ಈ ವಿಷಯಕ್ಕೆ ಕೊಡುವ ದೃಷ್ಟಾಂತವು ಮನೆಮನೆಯ ದೃಷ್ಟಾಂತ: ಕಣ್ಣಿಗೆ ಹಚ್ಚಿದ ಕಾಡಿಗೆಯನ್ನು ಆ ಕಣ್ಣೇ ಕಾಣಲಾರದು, ಹಾಗೆಯೇ ಏನು ಮಾಡಿದರೂ ಮನುಷ್ಯನು ತನ್ನ ದೋಷವನ್ನು ತಾನು ಕಾಣನು. ಪರಕಥೆಯನ್ನು ಹೇಳುವವನಿಗಂತೂ ಈ ಕುರುಡು ಎರಡುಪಟ್ಟು. ಅವನು ಮೂಲವನ್ನು ಅತಿಯಾಗಿ ಪ್ರೀತಿಸಿದವನು. ತಾನು ಬರೆದ ಸಾಲಿನಲ್ಲಿ ಇಲ್ಲದ ರಸವನ್ನು ಮೂಲದ ನೆನಪಿನಿಂದ ತಾನೇ ತುಂಬಿಕೊಂಡು ಓದುತ್ತಾನೆ. ತನ್ನ ಸೀತೆಯು ಮಾತಾಡುತ್ತಿದ್ದಾಳೋ, ವಾಲ್ಮೀಕಿಯ ಸೀತೆಯು ತನ್ನ ಕಿವಿಯಲ್ಲಿ ಮಾತಾಡುತ್ತಿದ್ದಾಳೋ, ಎಂಬ ಭೇದವು ಅವನಿಗೆ ತಿಳಿಯದು. ಹೊರಗಿನ ಕಿವಿಯೊಂದೇ ಅದನ್ನು ಹೇಳಬಲ್ಲದು. ಕನ್ನಡನಾಡಿನ ಜನರು ಗುರಿಯಿಟ್ಟು ಓದದಿದ್ದರೂ ಕಾವ್ಯದಲ್ಲಿ ಪರಿಣತರೆಂದು ಹೊಗಳಿದ ಗ್ರಂಥವೂ ಇದೇ ಎಂಬುದನ್ನು ನೆನೆದರೆ, ಹೊರಗಿನ ಕಿವಿಯೆಂದರೆ ಪಂಡಿತನ ಕಿವಿಯೇ ಆಗಬೇಕಾಗಿಲ್ಲ.

ಪಂಡಿತನ ಕಿವಿ ಎಷ್ಟು ಘಾತಕವಾಗಬಲ್ಲದೆಂಬುದಕ್ಕೆ ರಾಘವಾಂಕನ ಐತಿಹ್ಯವಿದೆ. ಅವನು ಹರಿಶ್ಚಂದ್ರನ ಹಳೆಯ ಕಥೆಯನ್ನು ಷಟ್ಪದಿಯಲ್ಲಿ ಹೊಸದಾಗಿ ಹೇಳಿ, ಸೋದರಮಾವನೂ ಗುರುವೂ ಆದ ಹರಿಹರನಿಗೆ ಒಪ್ಪಿಸಿದನು. ಶಿವನನ್ನೂ ಶಿವಭಕ್ತರನ್ನೂ ಬಿಟ್ಟು ನರನಾದ ಅರಸನೊಬ್ಬನನ್ನು ಹಾಡಿದನೆಂದು ಹರಿಹರನು ಕೋಪಗೊಂಡು ಪಾದುಕೆಯಿಂದ ಹೊಡೆಯಲು ರಾಘವಾಂಕನ ಐದು ಹಲ್ಲುಗಳು ಉದುರಿದವು. ಆಮೇಲೆ ಶಿವಭಕ್ತಿಯ ಐದು ಕಾವ್ಯಗಳನ್ನು ರಚಿಸಲು ಒಂದೊಂದು ಕಾವ್ಯಕ್ಕೆ ಒಂದೊಂದು ಹಲ್ಲು ತಿರುಗಿ ಬಂತೆಂದು ಹೇಳುತ್ತಾರೆ. ಕವಿಗೆ ಬಂದ ಪ್ರತಿಕ್ರಿಯೆಗಳಲ್ಲಿ ಇದಕ್ಕಿಂತ ಕಠೋರವಾದದ್ದು ಇನ್ನೊಂದಿರಲಿಕ್ಕಿಲ್ಲ. ಹರಿಹರನನ್ನು ಸುಮ್ಮನೆ ಜರೆದುಬಿಡುವದು ಸುಲಭ. ಆದರೆ ಅವನ ಕೋಪವು ಪ್ರೀತಿಯಿಂದ ಹುಟ್ಟಿದ್ದು. ತಾನು ಪ್ರಾಣದಂತೆ ಕಂಡ ಭಕ್ತರ ಕಥೆಗಳಿಗೆ ಸಲ್ಲಬೇಕಾಗಿದ್ದ ಶಕ್ತಿಯು ಬೇರೆಡೆಗೆ ಹೋಯಿತೆಂಬ ಸಂಕಟ ಅದರಲ್ಲಿದೆ. ಅವನ ತಪ್ಪು ಬೇರೆ ಕಡೆಗಿದೆ. ಕಾವ್ಯವನ್ನು ಅದು ಏನು ಹೇಳಿತೆಂಬುದರಿಂದ ಅಳೆಯದೆ, ತಾನು ಏನನ್ನು ಕೇಳಬೇಕೆಂದಿದ್ದೆನೋ ಅದರಿಂದ ಅಳೆದನು. ಹಲವು ಓದುಗರು ಇಂದಿಗೂ ಮಾಡುವದು ಇದನ್ನೇ, ಕೈಯಲ್ಲಿ ಪಾದುಕೆ ಇರುವದಿಲ್ಲ ಅಷ್ಟೆ.

ಐತಿಹ್ಯವು ಕವಿಯನ್ನು ಶರಣಾಗಿಸಿ ಐದು ಹಲ್ಲುಗಳನ್ನು ಕೊಡಿಸಿತು. ಆದರೆ ಕನ್ನಡಿಗರು ಮಾಡಿದ್ದೇನು? ಹಲ್ಲು ಕೊಟ್ಟ ಕಾವ್ಯಗಳನ್ನು ಗೌರವದಿಂದ ಇಟ್ಟುಕೊಂಡರು, ಹಲ್ಲು ಕಳೆದ ಕಾವ್ಯವನ್ನೇ ಬಾಯಿಪಾಠ ಮಾಡಿದರು. ರಾಘವಾಂಕನು ಪೆಟ್ಟು ತಿಂದರೂ ಹರಿಶ್ಚಂದ್ರಕಾವ್ಯವನ್ನು ಹರಿದುಹಾಕಲಿಲ್ಲ. ಗುರುವಿಗೆ ಎದುರಾಡಲೂ ಇಲ್ಲ. ಮುಂದೆ ಬರೆಯುವದನ್ನು ಗುರುವಿನ ಇಚ್ಛೆಯಂತೆ ಬರೆದನು, ಹಿಂದೆ ಬರೆದದ್ದನ್ನು ಇದ್ದಂತೆ ಉಳಿಸಿದನು. ನೊಂದ ಕವಿಗೆ ಇದಕ್ಕಿಂತ ಮಾನವಾದ ನಡತೆಯನ್ನು ಹೇಳಿಕೊಡುವದು ಕಷ್ಟ.

ಬರೆದ ಮೇಲೆ ಬರುವ ಮಾತಿಗಿಂತ ಬರೆಯುವ ಮೊದಲೇ ಒಳಗೆ ಬಂದು ಕೂಡುವ ಮಾತು ಹೆಚ್ಚು ಅಪಾಯದ್ದು. 941ರಲ್ಲಿ ಪಂಪನು ಭಾರತವನ್ನು ಮತ್ತೆ ಹೇಳುವಾಗ ತನ್ನ ಒಡೆಯನಾದ ಅರಿಕೇಸರಿಯನ್ನು ಅರ್ಜುನನೊಡನೆ ಒಂದುಗೂಡಿಸಿದನು. ಒಡೆಯನು ಅರ್ಜುನನಾದ ಮೇಲೆ ಅವನ ರಾಣಿಯು ಐವರ ಹೆಂಡತಿಯಾಗಿರುವದು ಹೇಗೆ? ದ್ರೌಪದಿಯು ಅರ್ಜುನನೊಬ್ಬನ ಹೆಂಡತಿಯಾದಳು. ಅರಿಕೇಸರಿಯು ಮೆಚ್ಚಿ ಧರ್ಮವುರವೆಂಬ ಅಗ್ರಹಾರವನ್ನು ಕೊಟ್ಟನು. ಪಂಪನಂಥ ಮಹಾಕವಿಯ ಕೈಯಲ್ಲಿಯೂ ಮೊದಲ ಕೇಳುಗನ ಮುಖವು ಕಥೆಯ ಒಂದು ಎಲುಬನ್ನು ಬಾಗಿಸಿತು. ವಿಜಯಪುರದ ಆಸ್ಥಾನಕವಿ ನುಸ್ರತಿಯು ಮನೋಹರ ಮಧುಮಾಲತಿಯರ ಹಳೆಯ ಪ್ರೇಮಕಥೆಯನ್ನು 1657ರಲ್ಲಿ ಗುಲ್ಶನ್-ಎ-ಇಶ್ಕ್ ಎಂಬ ದಖನಿ ಕಾವ್ಯವಾಗಿ ಹೇಳಿ, ಎರಡನೆಯ ಅಲಿ ಆದಿಲಶಹನಿಂದ ಕವಿರಾಜ ಪದವಿಯನ್ನು ಪಡೆದನು. 1665ರ ಅಲೀನಾಮಾದ ಹೊತ್ತಿಗೆ ಆ ಅರಸನ ಯುದ್ಧಗಳೇ ಅವನ ಕಾವ್ಯದ ವಸ್ತುವಾಗಿದ್ದವು. ಒಬ್ಬನೇ ಓದುಗನ ಕೃಪೆಯಲ್ಲಿ ಬರೆಯುವವನ ಪಾಡು ಇದು. ಮೆಚ್ಚಿಕೆಯ ಎಣಿಕೆಯನ್ನು ನೋಡುತ್ತ ಮುಂದಿನ ಅಧ್ಯಾಯವನ್ನು ಬರೆಯುವ ಇಂದಿನ ತರುಣನಿಗೂ ಒಡೆಯನು ಒಬ್ಬನಿದ್ದಾನೆ, ಅವನಿಗೆ ಮುಖ ಮಾತ್ರ ಹಲವು.

ಮೂಲದ ಕರ್ತೃವು ಬದುಕಿದ್ದರೆ ತೊಡಕು ಇನ್ನೂ ಹೆಚ್ಚುವದು. ಸ್ಪೇನ್ ದೇಶದ ಸರ್ವಾಂತೆಸನು 1605ರಲ್ಲಿ ಡಾನ್ ಕಿಹೋಟೆಯ ಕಥೆಯ ಮೊದಲ ಭಾಗವನ್ನು ಅಚ್ಚು ಹಾಕಿಸಿದನು. 1614ರಲ್ಲಿ ಇನ್ನಾರೋ ಒಬ್ಬನು ಕಳ್ಳಹೆಸರಿನಿಂದ ಅದರ ಮುಂದಿನ ಭಾಗವನ್ನು ಪ್ರಕಟಿಸಲು, ಸರ್ವಾಂತೆಸನು 1615ರ ತನ್ನ ಎರಡನೆಯ ಭಾಗದೊಳಗೇ ಆ ಪುಸ್ತಕವನ್ನು ಹಳಿದನು. ವಾಲ್ಮೀಕಿ ವ್ಯಾಸರು ಹಾಗೆ ಎದ್ದು ಬರಲಾರರು. ಅವರ ಪರವಾಗಿ ಮಾತಾಡುವ ಹೊಣೆಯು ಕೇಳುಗನ ಮೇಲೆ ಬೀಳುತ್ತದೆ.

ಆ ಹೊಣೆಯನ್ನು ಹೊತ್ತ ಓದುಗನಿಗೂ ಪರಕಥೆಯ ಕವಿಗೂ ಕನ್ನಡದಲ್ಲಿ ನಡೆದ ಅತ್ಯಂತ ಘನವಾದ ವಾದವು ‘ಶೂದ್ರ ತಪಸ್ವಿ’ಯ ವಾದ. ಉತ್ತರಕಾಂಡದಲ್ಲಿ ಬ್ರಾಹ್ಮಣನ ಮಗನು ಅಕಾಲದಲ್ಲಿ ಸಾಯಲು, ತಪಸ್ಸು ಮಾಡುತ್ತಿದ್ದ ಶಂಬೂಕನೆಂಬ ಶೂದ್ರನೇ ಅದಕ್ಕೆ ಕಾರಣನೆಂದು ರಾಮನು ಅವನ ತಲೆಯನ್ನು ಕತ್ತರಿಸುತ್ತಾನೆ. ಭವಭೂತಿಗೇ ಇದು ನುಂಗಲಾರದ ತುತ್ತಾಗಿತ್ತು. ಉತ್ತರರಾಮಚರಿತದಲ್ಲಿ ರಾಮನ ಕೈ ಹಿಂಜರಿಯುತ್ತದೆ, ಸತ್ತ ಶಂಬೂಕನು ದಿವ್ಯಪುರುಷನಾಗಿ ಎದ್ದುಬಂದು ರಾಮನನ್ನು ವಂದಿಸುತ್ತಾನೆ. 1944ರಲ್ಲಿ ಕುವೆಂಪು ಅವರು ಇನ್ನೂ ಮುಂದೆ ನಡೆದರು. ಅವರ ನಾಟಕದಲ್ಲಿ ರಾಮನು ಬಿಟ್ಟ ಅಸ್ತ್ರವು ತಪಸ್ವಿಗೆ ನಮಸ್ಕರಿಸಿ, ದೂರು ತಂದ ಬ್ರಾಹ್ಮಣನನ್ನೇ ಬೆನ್ನಟ್ಟುತ್ತದೆ. ಅವನು ತಪಸ್ವಿಗೆ ತಲೆಬಾಗಿದ ಮೇಲೆಯೇ ಬಿಡುಗಡೆ. ‘ಜೀವನ’ ಪತ್ರಿಕೆಯ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಇದನ್ನು ವಿಮರ್ಶಿಸಿ ಆಕ್ಷೇಪಿಸಿದರು. ಹೊಸ ಭಾವನೆಯನ್ನು ಹೇಳಬೇಕಾದರೆ ಹೊಸ ಕಥೆಯನ್ನು ಕಟ್ಟಬಹುದು, ಹಳೆಯ ಕಥೆಯ ಪೂಜ್ಯಪಾತ್ರಗಳನ್ನು ಬದಲಿಸುವದು ಯುಕ್ತವಲ್ಲ, ಎಂಬುದು ಅವರ ಆಕ್ಷೇಪದ ತಿರುಳು. ಕುವೆಂಪು ಅದಕ್ಕೆ ಉತ್ತರ ಬರೆದರು. ಹಳೆಯ ಕಥೆಯನ್ನು ಹೊಸ ಕಾಲದ ಬೆಳಕಿನಲ್ಲಿ ಕಾಣುವ ಅಧಿಕಾರವು ಕವಿಗೆ ಹಿಂದಿನಿಂದಲೂ ಇದೆಯೆಂಬ ನಿಲುವಿನಿಂದ ಅವರು ಸರಿಯಲಿಲ್ಲ.

ಮಾಸ್ತಿಯವರ ಮಾತನ್ನು ಸಂಕುಚಿತವೆಂದು ತಳ್ಳಿಹಾಕುವವರು ಅದರ ಬಲವನ್ನು ಅರಿತಿಲ್ಲ. ರಾಮನು ಕವಿಯೊಬ್ಬನ ಸ್ವತ್ತಲ್ಲ. ಕೋಟಿ ಮನೆಗಳಲ್ಲಿ ಅವನ ಹೆಸರು ಹಿಡಿದು ದೀಪ ಹಚ್ಚುತ್ತಾರೆ. ಆ ಮನೆಗಳವರೂ ಈ ಕಥೆಗೆ ಪಾಲುದಾರರು. ಪಾಲುದಾರನು ಆಕ್ಷೇಪಿಸಿದರೆ ಅದು ಅಧಿಕಪ್ರಸಂಗವಾಗುವದಿಲ್ಲ. ಆದರೆ ಪಾಲುದಾರರೆಲ್ಲರ ಮಾತೂ ಅಷ್ಟು ದಿವಸ ಕೇಳಿಬಂದಿತ್ತೇ, ಎಂಬುದನ್ನು ಕೇಳಲೇಬೇಕು. ಪುರಾಣ ಓದುವಾಗ ಗುಡಿಯ ಒಳಗೆ ಕುಳಿತು ತಲೆದೂಗಿದವರ ಮೆಚ್ಚಿಕೆಯು ದಾಖಲಾಯಿತು. ಹೊರಗೆ ನಿಂತು ಶಂಬೂಕನ ತಲೆ ಬಿದ್ದ ಪ್ರಸಂಗವನ್ನು ಕೇಳಿದವನಿಗೆ ಏನೆನಿಸಿತೆಂದು ಯಾವ ಕವಿಯೂ ಕೇಳಲಿಲ್ಲ, ಯಾವ ಪ್ರತಿಕಾರನೂ ಬರೆದಿಡಲಿಲ್ಲ. ಅವನ ಮೌನವನ್ನು ಸಮ್ಮತಿಯೆಂದು ಎಣಿಸಲಾಯಿತು. ‘ಶೂದ್ರ ತಪಸ್ವಿ’ಯು ಹೊಸ ಕಥೆಯಾಗಿದ್ದರೆ ಆ ಮೌನಕ್ಕೆ ಉತ್ತರವಾಗುತ್ತಿರಲಿಲ್ಲ, ಗಾಯವು ಯಾವ ಕಥೆಯಿಂದ ಆಯಿತೋ ಆ ಕಥೆಯಲ್ಲಿಯೇ ಅದಕ್ಕೆ ಮದ್ದು ಬೇಕಾಗಿತ್ತು. ಈ ಒಂದು ವಿಷಯದಲ್ಲಿ ನ್ಯಾಯವು ಕುವೆಂಪು ಅವರ ಕಡೆಗಿದೆ.

ಇಲ್ಲಿಂದ ಮೂಲಪ್ರಶ್ನೆಗೆ ಹೊಸ ಬೆಳಕು ಬೀಳುತ್ತದೆ. ಪರಕಥೆಯ ಕವಿಯು ಕವಿಯಾಗುವ ಮೊದಲು ಓದುಗನು. ‘ರಾಮನು ಹೀಗೆ ಮಾಡಬಾರದಾಗಿತ್ತು’, ‘ರಾವಣನಲ್ಲಿಯೂ ಒಂದು ಒಳ್ಳೆಯತನವಿತ್ತು’, ‘ಮಂಥರೆಯ ಮನಸ್ಸನ್ನು ಯಾರೂ ನೋಡಲಿಲ್ಲ’ ಎಂಬ ಓದುಗನ ಮಾತೇ ಬೆಳೆದು ಕಾವ್ಯವಾಗುತ್ತದೆ. ನಾಗಚಂದ್ರನ ರಾವಣನೂ, ಶ್ರೀರಾಮಾಯಣದರ್ಶನದ ಮಂಥರೆಯೂ ಹುಟ್ಟಿದ್ದು ಹೀಗೆ. ಅಂದರೆ ಅವನ ಕೃತಿಯೇ ಹಿಂದಿನ ಕವಿಗೆ ಅವನು ಕೊಟ್ಟ ಪ್ರತಿಕ್ರಿಯೆ. ವಾಲ್ಮೀಕಿಗೆ ಎದುರುಮಾತಾಡುವ ಅಧಿಕಾರವನ್ನು ತಾನು ತೆಗೆದುಕೊಂಡವನು, ತನ್ನ ಓದುಗನು ಎದುರುಮಾತಾಡಿದಾಗ ಮುಖ ಸಿಂಡರಿಸಿದರೆ ಅವನು ಸಾಲ ಪಡೆದು ಸಾಲ ಕೊಡದವನಂತೆ ಆಗುವನು. ಮೆಚ್ಚಬೇಕೆಂದಿಲ್ಲ, ಒಪ್ಪಬೇಕೆಂದಿಲ್ಲ, ಬರೆದದ್ದನ್ನು ತಿದ್ದಬೇಕೆಂದೂ ಇಲ್ಲ; ಕೇಳಬೇಕು. ರಾಘವಾಂಕನು ಕೇಳಿದನು, ಕುವೆಂಪು ಉತ್ತರಿಸಿದರು. ಎರಡೂ ಕೇಳಿದವರ ನಡತೆಗಳೇ.

ಪುಸ್ತಕದ ಕವಿಗಳಿಗೆ ಇಷ್ಟು ವಿಚಾರ ಬೇಕಾಗುವದು ಓದುಗನು ಕಣ್ಣಿಗೆ ಕಾಣದಿರುವದರಿಂದ. ತಿಕೋಟೆ, ಬಬಲೇಶ್ವರಗಳ ಸುತ್ತಿನ ಹಳ್ಳಿಗಳಲ್ಲಿ ಹರದೇಶಿ-ನಾಗೇಶಿಯ ಹಾಡಿಕೆಯನ್ನು ಕೇಳಿದವರಿಗೆ ಇನ್ನೊಂದು ರೀತಿಯು ಗೊತ್ತಿದೆ. ಒಂದು ಮೇಳವು ಪುರುಷನ ಹೆಚ್ಚಳವನ್ನು ಹಾಡಿದರೆ ಇನ್ನೊಂದು ಪ್ರಕೃತಿಯ ಹೆಚ್ಚಳವನ್ನು ಹಾಡುವದು. ಪುರಾಣದ ಪ್ರಸಂಗವೊಂದನ್ನು ಒಬ್ಬನು ತನ್ನ ಕಡೆಗೆ ತಿರುಗಿಸಿ ಹಾಡಿ ಮುಗಿಸುವಷ್ಟರಲ್ಲಿ ಎದುರಿನವರು ಅದೇ ಪ್ರಸಂಗವನ್ನು ತಮ್ಮ ಕಡೆಗೆ ತಿರುಗಿಸಿ ಸವಾಲು ಹಾಕುತ್ತಾರೆ. ಹಲಸಂಗಿಯ ಖಾಜಾಭಾಯಿಯಂಥ ಲಾವಣಿಕಾರರು ಬೆಳೆದದ್ದು ಇಂಥ ಕಣದಲ್ಲಿ. ಅಲ್ಲಿ ಟೀಕೆಯು ಹಾಡಾಗಿಯೇ ಬರುತ್ತದೆ, ಅದಕ್ಕೆ ಉತ್ತರವೂ ಹಾಡಾಗಿಯೇ ಹೋಗುತ್ತದೆ. ಜನರು ಮೆಚ್ಚಿದರೆ ಅಲ್ಲಿಯೇ ಆಯೇರಿ ಬೀಳುತ್ತದೆ, ಮೆಚ್ಚದಿದ್ದರೆ ಕಂಬಳಿ ಹೊದ್ದು ಮಲಗುತ್ತಾರೆ. ಎದುರಿನವರ ಹಂಗಿಸುವಿಕೆಗೆ ಹಾಡುಗಾರನು ಅಂಜುವದಿಲ್ಲ. ಮಲಗಿದ ಜನರಿಗೆ ಅಂಜುತ್ತಾನೆ. ಬೀಸುವ ಕಲ್ಲಿನ ಮುಂದೆ ಸೀತೆಯ ಪಾಡನ್ನು ಹಾಡುವ ಗರತಿಗಂತೂ ಕೇಳುವವಳು ಗೂಟದ ಇನ್ನೊಂದು ಬದಿಗೆ ಕೈ ಹಾಕಿದ ಓರಗಿತ್ತಿಯೊಬ್ಬಳೇ. ಅವಳು ಮುಂದಿನ ಸಾಲನ್ನು ಎತ್ತಿಕೊಂಡರೆ ಮೆಚ್ಚಿದಂತೆ, ಎತ್ತಿಕೊಳ್ಳದಿದ್ದರೆ ಆ ಸಾಲು ಅಲ್ಲಿಗೇ ಸಾಯಿತು. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಎಂದು ಕೂಡಿಹಾಕಿದ್ದು ಹೀಗೆ ಸಾಯದೆ ಉಳಿದ ಸಾಲುಗಳನ್ನು. ಅವುಗಳಲ್ಲಿ ಯಾವುದನ್ನು ಯಾರು ಕಟ್ಟಿದರು, ಯಾರು ತಿದ್ದಿದರು, ಎಂಬುದು ತಿಳಿಯುವಂತಿಲ್ಲ.

ಬಾಯಿಯಿಂದ ಬಾಯಿಗೆ ಬಂದ ಹಾಡಿಗೆ ಇದು ಒಪ್ಪುವದು. ತಾಳೆಗರಿಯ ಕಾವ್ಯಕ್ಕೆ ಇದೇ ರೀತಿಯು ಕೊಂಚ ತೊಂದರೆಯನ್ನು ತಂದಿತು. ಪ್ರತಿ ಮಾಡಿದವನು ಕೊನೆಗೆ ಕ್ಷಮೆ ಬೇಡಿ, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕೆಂದು ಬರೆಯುವ ವಾಡಿಕೆಯಿತ್ತು. ಓದಿದವರು ಆ ಮಾತನ್ನು ವಿನಯವೆಂದೆಣಿಸದೆ ಅಪ್ಪಣೆಯೆಂದೇ ಎಣಿಸಿದರು. ರುಚಿಸಿದ ಕಡೆಗೆ ಒಂದು ಪದ್ಯವನ್ನು ಸೇರಿಸಿದರು, ರುಚಿಸದ ಕಡೆಗೆ ಒಂದನ್ನು ಬಿಟ್ಟರು. ಬರೆದ ಪದವನ್ನು ಅಳಿಸಿ ಬರೆಯುವವನು ತಾನಲ್ಲವೆಂದು ಹೆಮ್ಮೆಯಿಂದ ಸಾರಿದ ಗದುಗಿನ ನಾರಣಪ್ಪನ ಭಾರತವೂ ಈ ತಿದ್ದುಗಾರರ ಕೈಯಿಂದ ತಪ್ಪಿಸಿಕೊಳ್ಳಲಿಲ್ಲ. ವ್ಯಾಸನ ಕಥೆಯನ್ನು ಹೇಳಿ ಕುಮಾರವ್ಯಾಸನೆನಿಸಿದ ಆ ಕವಿಯ ಕಾವ್ಯವನ್ನು ಸಾಮಾನ್ಯ ಓದುಗರಿಗಾಗಿ ಸಂಪಾದಿಸುವ ಕೆಲಸವನ್ನು ಮುಂದೆ ಮೈಸೂರು ಸರಕಾರವು ಇಬ್ಬರಿಗೆ ಒಪ್ಪಿಸಿತು. 1958ರಲ್ಲಿ ‘ಕರ್ಣಾಟಕ ಭಾರತ ಕಥಾಮಂಜರಿ’ಯೆಂದು ಅದು ಹೊರಬಂತು. ಸಂಪಾದಕರೆಂದು ಅದರಲ್ಲಿ ಅಚ್ಚಾದ ಹೆಸರುಗಳು ಎರಡು: ಕುವೆಂಪು, ಮಾಸ್ತಿ ವೆಂಕಟೇಶ ಅಯ್ಯಂಗಾರ್.